ಒಂದೇ ಪಾವು, ಹಲವು ಧಾನ್ಯ

ನಮ್ಮ ಅಜ್ಜಿಯ ಮನೆಯ ಉಗ್ರಾಣದಲ್ಲಿ ಗೋಡೆಯುದ್ದಕ್ಕೂ ಒಂದು ಹಲಗೆ ಇತ್ತು. ಅದರ ಮೇಲೆ ಸಾಲಾಗಿ ತಗಡಿನ ಡಬ್ಬಿಗಳು. ಎಲ್ಲವೂ ಒಂದೇ ಎತ್ತರ, ಒಂದೇ ಸುತ್ತಳತೆ. ಒಂದರ ಮುಚ್ಚಳ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿತ್ತು. ಅಳೆಯುವುದಕ್ಕೆ ಇದ್ದದ್ದು ಒಂದೇ ಪಾವು. ಅಕ್ಕಿಗೂ ಅದೇ, ರಾಗಿಗೂ ಅದೇ, ತೊಗರಿಬೇಳೆಗೂ ಅದೇ. ಧಾನ್ಯಕ್ಕೊಂದು ಪಾವು ಬೇಕೆಂದು ಯಾರಿಗೂ ತೋಚಿರಲಿಲ್ಲ. ತೋಚಿದ್ದರೆ ಉಗ್ರಾಣದಲ್ಲಿ ಪಾವುಗಳಿಗೇ ಜಾಗ ಸಾಲುತ್ತಿರಲಿಲ್ಲ. ಆದರೆ ಪ್ರತಿಯೊಂದು ಡಬ್ಬಿಯ ಮೇಲೂ ಅಜ್ಜಿ ಒಂದು ಚೀಟಿ ಅಂಟಿಸಿದ್ದರು. ಒಂದು ಮಳೆಗಾಲದಲ್ಲಿ ಗೋಡೆ ಸೋರಿ ಚೀಟಿಗಳೆಲ್ಲ ಕಳಚಿ ಬಿದ್ದವು. ಆ ವಾರವೇ ಮನೆಗೆ ನೆಂಟರು ಬಂದರು. ಅವರ ಕಾಫಿಗೆ ಸಕ್ಕರೆಯ ಬದಲು ಪುಡಿ ಉಪ್ಪು ಬಿತ್ತು. ಪಾವಿನ ತಪ್ಪು ಏನೂ ಇರಲಿಲ್ಲ, ಡಬ್ಬಿಯ ತಪ್ಪೂ ಇರಲಿಲ್ಲ. ಒಳಗೆ ಏನಿದೆ ಎಂಬ ತಿಳಿವಳಿಕೆ ಎಲ್ಲಿಯೂ ಉಳಿದಿರಲಿಲ್ಲ, ಅಷ್ಟೆ.

ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಇದೇ ಉಗ್ರಾಣದ ಪ್ರಶ್ನೆಯೊಡನೆ ಹೆಣಗುತ್ತಿದ್ದಾರೆ ಎಂದರೆ ನೀವು ನಗಬಹುದು. ಆದರೂ ಮಾತು ನಿಜ. ಒಂದೇ ಪಾವಿನಿಂದ ಎಲ್ಲ ಧಾನ್ಯವನ್ನೂ ಅಳೆಯಬೇಕು, ಆದರೆ ಯಾವ ಡಬ್ಬಿಯಲ್ಲಿ ಯಾವ ಧಾನ್ಯ ಎಂಬುದು ಮರೆತುಹೋಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ? ಇಂದಿನ ನನ್ನ ಮಾತು ಇದರ ಸುತ್ತಲೇ.

ಮೊದಲು ಕೆಲವು ಪದಗಳನ್ನು ಪರಿಚಯ ಮಾಡಿಕೊಳ್ಳೋಣ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸರಣಿಗೆ ಕೋಡು ಎನ್ನುತ್ತಾರೆ. ಇದು ಹಸುವಿನ ಕೋಡಲ್ಲ. ಇಂಗ್ಲಿಷಿನಿಂದ ಬಂದ ಮಾತು. ಕಂಪ್ಯೂಟರು ನಿರ್ವಹಿಸುವ ಒಂದೊಂದು ಮಾಹಿತಿಗೂ ಒಂದು ಬಗೆ ಇರುತ್ತದೆ. ಪೂರ್ಣಾಂಕ ಒಂದು ಬಗೆ, ದಶಾಂಶವುಳ್ಳ ಸಂಖ್ಯೆ ಇನ್ನೊಂದು ಬಗೆ, ಅಕ್ಷರಗಳಲ್ಲಿ ಬರೆದ ಹೆಸರು ಮತ್ತೊಂದು ಬಗೆ. ಯಂತ್ರದ ಮಟ್ಟಿಗೆ ಎಲ್ಲವೂ ಬರಿಯ ಸೊನ್ನೆ ಮತ್ತು ಒಂದುಗಳೇ. ಅದೇ ಸೊನ್ನೆ ಒಂದುಗಳನ್ನು ಸಂಖ್ಯೆ ಎಂದು ಓದಿದರೆ ಒಂದು ಅರ್ಥ, ಅಕ್ಷರವೆಂದು ಓದಿದರೆ ಇನ್ನೊಂದು ಅರ್ಥ. ಉಪ್ಪೂ ಬಿಳುಪು, ಸಕ್ಕರೆಯೂ ಬಿಳುಪು. ಆದ್ದರಿಂದಲೇ ಬಗೆಯ ವಿಚಾರ ಪಂಡಿತರ ಕಾಲಹರಣವಲ್ಲ. ಪ್ರೋಗ್ರಾಮು ಸರಿಯಾದ ಉತ್ತರ ಕೊಡುತ್ತದೆಯೋ ಇಲ್ಲವೋ ಎಂಬುದು ಅದನ್ನು ಅವಲಂಬಿಸಿದೆ.

ಇನ್ನೊಂದು ಸಂಗತಿ. ಪ್ರೋಗ್ರಾಮಿಗೆ ಎರಡು ಹೊತ್ತುಗಳುಂಟು. ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆದದ್ದನ್ನು ಯಂತ್ರದ ಆಜ್ಞೆಗಳಾಗಿ ಬದಲಾಯಿಸುವ ಹೊತ್ತು ಮೊದಲನೆಯದು. ಈ ಕೆಲಸ ಮಾಡುವ ಅನುವಾದಕನಿಗೆ ಕಂಪೈಲರು ಎಂದು ಹೆಸರು. ಹಾಗೆ ಬದಲಾಯಿಸಿದ ಆಜ್ಞೆಗಳು ನಿಜವಾಗಿ ನಡೆಯುವ ಹೊತ್ತು ಎರಡನೆಯದು. ಬರೆಯುವ ಹೊತ್ತು ಬೆಂಗಳೂರಿನಲ್ಲಿರಬಹುದು. ನಡೆಯುವ ಹೊತ್ತು ಹತ್ತು ವರ್ಷದ ಮೇಲೆ, ಇನ್ನಾವುದೋ ಊರಿನಲ್ಲಿ, ಬರೆದವನ ಹೆಸರನ್ನೇ ಕೇಳದವರ ಮುಂದೆ ಬರಬಹುದು. ಮೊದಲನೆಯ ಹೊತ್ತಿನಲ್ಲಿ ಗೊತ್ತಿದ್ದ ವಿಚಾರಗಳಲ್ಲಿ ಎಷ್ಟನ್ನು ಎರಡನೆಯ ಹೊತ್ತಿಗೆ ಬುತ್ತಿ ಕಟ್ಟಿಕೊಡಬೇಕು ಎನ್ನುವುದೇ ನಮ್ಮ ಪ್ರಶ್ನೆಯ ತಿರುಳು.

ಈ ಕಥೆಯ ಮೊದಲನೆಯ ಅಧ್ಯಾಯ ನಾರ್ವೆ ದೇಶದ್ದು. 1967ರಲ್ಲಿ ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಊಲೆ-ಯೋಹಾನ್ ಡಾಲ್, ಕ್ರಿಸ್ಟೆನ್ ನೀಗಾರ್ಡ್ ಎಂಬ ಇಬ್ಬರು ವಿದ್ವಾಂಸರು ಸಿಮ್ಯುಲಾ 67 ಎಂಬ ಭಾಷೆಯನ್ನು ರೂಪಿಸಿದರು. ಲೋಕದ ವ್ಯವಹಾರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು ಅವರ ಉದ್ದೇಶ. ಅದಕ್ಕಾಗಿ ಅವರು ವಸ್ತು ಮತ್ತು ವರ್ಗ ಎಂಬ ಎರಡು ಕಲ್ಪನೆಗಳನ್ನು ತಂದರು. ವಾಹನ ಎಂಬುದು ಒಂದು ವರ್ಗ. ಲಾರಿ ಅದರ ಮಗು, ಬಸ್ಸು ಅದರ ಇನ್ನೊಂದು ಮಗು. ರಸ್ತೆಯ ಮೇಲಿರುವ ಒಂದೊಂದು ಲಾರಿಯೂ ಒಂದೊಂದು ವಸ್ತು. ಎಲ್ಲ ವಾಹನಗಳಿಗೂ ಸಾಮಾನ್ಯವಾದ ಕೋಡನ್ನು ವಾಹನವರ್ಗದಲ್ಲಿ ಒಮ್ಮೆ ಬರೆದರೆ ಸಾಕು. ಮಕ್ಕಳಿಗೆ ಅದು ಪಿತ್ರಾರ್ಜಿತವಾಗಿ ಬರುತ್ತದೆ. ಕೋಡನ್ನು ಹಂಚಿಕೊಂಡು ಬಳಸುವ ಒಂದು ದೊಡ್ಡ ಉಪಾಯ ಇದು. ಈ ಕೆಲಸಕ್ಕಾಗಿ ಅವರಿಬ್ಬರಿಗೂ 2001ನೆಯ ಸಾಲಿನ ಟ್ಯೂರಿಂಗ್ ಪಾರಿತೋಷಕ ಬಂತು. ಮರುವರ್ಷವೇ, ಕೆಲವು ವಾರಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ಆದರೆ ಎಲ್ಲವೂ ಸಾಮಾನ್ಯವಾಗಿರಲು ಸಾಧ್ಯವೆ? ಸುಂಕದ ಕಟ್ಟೆಯಲ್ಲಿ ಲಾರಿಗೊಂದು ಲೆಕ್ಕ, ಬಸ್ಸಿಗೊಂದು ಲೆಕ್ಕ. ಎದುರಿಗೆ ಬಂದು ನಿಂತದ್ದು ಒಂದು ವಾಹನ ಎಂಬಷ್ಟೇ ಕಟ್ಟೆಯವನಿಗೆ ಗೊತ್ತು. ಸರಿಯಾದ ಲೆಕ್ಕವನ್ನು ಆರಿಸುವುದು ಹೇಗೆ? ಉಪಾಯ ಸರಳವಾದದ್ದು. ಪ್ರತಿಯೊಂದು ವಸ್ತುವಿನ ತಲೆಯಲ್ಲಿ, ನಾವು ಹಣೆಬರಹ ಎನ್ನುತ್ತೇವಲ್ಲ ಹಾಗೆ, ಅದು ಯಾವ ವರ್ಗಕ್ಕೆ ಸೇರಿದ್ದು ಎಂಬ ಗುರುತನ್ನು ಬರೆದಿಡುತ್ತಾರೆ. ನಿಜವಾಗಿ ಬರೆದಿರುವುದು ಒಂದು ವಿಳಾಸ. ಆ ವಿಳಾಸಕ್ಕೆ ಹೋದರೆ ಆ ವರ್ಗದ ಕೋಷ್ಟಕ ಸಿಗುತ್ತದೆ. ಕೋಷ್ಟಕದ ಇಂಥ ಸಾಲಿನಲ್ಲಿ ಸುಂಕದ ಲೆಕ್ಕ ಎಲ್ಲಿದೆ ಎಂದು ನಮೂದಾಗಿರುತ್ತದೆ. ಸಾವಿರ ಲಾರಿಗಳಿದ್ದರೂ ಕೋಷ್ಟಕ ಒಂದೇ, ಕೋಡೂ ಒಂದೇ. ಪ್ರತಿ ಲಾರಿಯೂ ಹೊತ್ತುಕೊಂಡಿರುವುದು ಹಣೆಯ ಮೇಲಿನ ಆ ಒಂದು ವಿಳಾಸವನ್ನು ಮಾತ್ರ.

ಹಣೆಬರಹ ಇದ್ದುದರಿಂದ ಇನ್ನೊಂದು ಅನುಕೂಲವಾಯಿತು. ನಡೆಯುವ ಹೊತ್ತಿನಲ್ಲಿಯೇ ವಸ್ತುವನ್ನು ತಡೆದು, "ನೀನು ಲಾರಿಯೆ?" ಎಂದೋ, "ಲಾರಿಯ ವಂಶದವನೆ?" ಎಂದೋ ಕೇಳಬಹುದು. ಈ ಎರಡು ಪ್ರಶ್ನೆಗಳಿಗೂ ಸಿಮ್ಯುಲಾ 67ರಲ್ಲಿಯೇ ಬೇರೆ ಬೇರೆ ಪದಗಳಿದ್ದವು. ವಂಶದ ಪ್ರಶ್ನೆಗೆ ಉತ್ತರ ಹುಡುಕಲು ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಒಂದೊಂದೇ ಮೆಟ್ಟಿಲು ಹತ್ತಬೇಕಲ್ಲವೆ? 1991ರಲ್ಲಿ ನಾರ್ಮನ್ ಕೋಹೆನ್ ಎಂಬವರು ಅಷ್ಟು ಶ್ರಮ ಬೇಡವೆಂದು ತೋರಿಸಿಕೊಟ್ಟರು. ಪ್ರತಿ ವರ್ಗವೂ ತನ್ನ ವಂಶಾವಳಿಯನ್ನು ತಲೆಮಾರಿನ ಕ್ರಮದಲ್ಲಿ ಒಂದು ಪಟ್ಟಿಯಾಗಿ ಇಟ್ಟುಕೊಳ್ಳಲಿ. ಲಾರಿ ಮೂಲದಿಂದ ಮೂರನೆಯ ತಲೆಮಾರಿನದಾದರೆ, ಪಟ್ಟಿಯ ಮೂರನೆಯ ಮನೆಯಲ್ಲಿ ಲಾರಿಯ ಹೆಸರಿದೆಯೇ ಎಂದು ಒಂದೇ ಸಲ ನೋಡಿದರೆ ಮುಗಿಯಿತು. ವಂಶ ಎಷ್ಟೇ ಉದ್ದವಾಗಿರಲಿ, ಶ್ರಮ ಅಷ್ಟೇ. 2002ರಲ್ಲಿ ಕ್ಲಿಫ್ ಕ್ಲಿಕ್ ಮತ್ತು ಜಾನ್ ರೋಸ್ ಎಂಬವರು ಜಾವಾ ಭಾಷೆಯ ಹಾಟ್‌ಸ್ಪಾಟ್ ಎಂಬ ಯಂತ್ರದಲ್ಲಿ ಇದೇ ಬಗೆಯ ಪಟ್ಟಿಯನ್ನು ಬಳಸಿದ ಕ್ರಮವನ್ನು ಪ್ರಕಟಿಸಿದರು.

ಇಷ್ಟರವರೆಗೆ ದಾರಿ ಸಲೀಸು. ತೊಡಕು ಬಂದದ್ದು ಡಬ್ಬಿಗಳ ವಿಚಾರದಲ್ಲಿ.

ಪ್ರೋಗ್ರಾಮಿನಲ್ಲಿ ಡಬ್ಬಿ ಎಂದರೆ ಪಟ್ಟಿ, ಸಾಲು, ರಾಶಿ ಮುಂತಾದ ಸಂಗ್ರಹಗಳು. ಪಟ್ಟಿಗೆ ಒಂದು ಅಂಶವನ್ನು ಸೇರಿಸುವುದು, ತೆಗೆಯುವುದು, ಎಣಿಸುವುದು — ಈ ಕೆಲಸಗಳು ಪಟ್ಟಿಯಲ್ಲಿ ಹೆಸರುಗಳಿದ್ದರೂ ಅವೇ, ಸಂಖ್ಯೆಗಳಿದ್ದರೂ ಅವೇ. ಹಾಗಾದರೆ ಈ ಕೋಡನ್ನು ಒಮ್ಮೆ ಬರೆದು ಎಲ್ಲ ಬಗೆಗಳಿಗೂ ಹಂಚಬಾರದೇಕೆ? ಮನುಷ್ಯ ಓದುವ ಮಟ್ಟದಲ್ಲಿ ಖಂಡಿತವಾಗಿ ಹಂಚಬಹುದು. "ಏನೋ ಒಂದು ಬಗೆಯ ಪಟ್ಟಿ" ಎಂದು ಬರೆದು, ಆ ಬಗೆಯ ಜಾಗವನ್ನು ಖಾಲಿ ಬಿಟ್ಟರಾಯಿತು. ಬಳಸುವವನು ಆ ಖಾಲಿ ಜಾಗದಲ್ಲಿ "ಹೆಸರು" ಎಂದೋ "ಪೂರ್ಣಾಂಕ" ಎಂದೋ ತುಂಬಿಕೊಳ್ಳುತ್ತಾನೆ. ಇದಕ್ಕೆ ಜೆನೆರಿಕ್ಸ್ ಎಂದು ಹೆಸರು. ಕಷ್ಟವಿರುವುದು ಯಂತ್ರದ ಮಟ್ಟದಲ್ಲಿ. ಇಂದಿನ ಸಾಮಾನ್ಯ ಯಂತ್ರದಲ್ಲಿ ಪೂರ್ಣಾಂಕಕ್ಕೆ 4 ಬೈಟು ಜಾಗ. ದಶಾಂಶ ಸಂಖ್ಯೆಗೆ 8 ಬೈಟು. ದೊಡ್ಡ ವಸ್ತುಗಳನ್ನು ಪಟ್ಟಿಯಲ್ಲಿ ಇಡುವಾಗ ವಸ್ತುವನ್ನೇ ಇಡದೆ ಅದರ ವಿಳಾಸವನ್ನು ಇಡುತ್ತಾರೆ, ಅದಕ್ಕೂ ಹೆಚ್ಚಾಗಿ 8 ಬೈಟು. ಅಳತೆ ಒಂದೇ ಇದ್ದರೂ ದಶಾಂಶ ಸಂಖ್ಯೆಯನ್ನು ಯಂತ್ರ ಇಟ್ಟುಕೊಳ್ಳುವ ಮನೆ ಬೇರೆ, ವಿಳಾಸವನ್ನು ಇಟ್ಟುಕೊಳ್ಳುವ ಮನೆ ಬೇರೆ. ಅಕ್ಕಿ ಬೇಳೆಗಳನ್ನು ಅಳೆಯುವ ಪಾವಿನಿಂದ ಹಪ್ಪಳವನ್ನು ಅಳೆಯಲಾದೀತೆ?

ಈ ತೊಡಕನ್ನು ಬಿಡಿಸಲು ಮೂರು ಹಾದಿಗಳನ್ನು ಮೂರು ಕಡೆಯವರು ಹಿಡಿದರು. ಒಂದೊಂದು ಹಾದಿಯಲ್ಲಿಯೂ ಬುದ್ಧಿವಂತರೇ ನಡೆದರು. ಒಂದೊಂದು ಹಾದಿಯಲ್ಲಿಯೂ ಸುಂಕ ತೆರಬೇಕಾಯಿತು.

ಮೊದಲನೆಯದು ಸಿ++ ಭಾಷೆಯ ಹಾದಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ರೂಪಿಸಿದ ಭಾಷೆ ಇದು. ಇಲ್ಲಿ ಕಂಪೈಲರು ಮನುಷ್ಯ ಬರೆದ ಒಂದೇ ಮಾದರಿಯನ್ನು ಅಚ್ಚಿನಂತೆ ಬಳಸಿ, ಪೂರ್ಣಾಂಕದ ಪಟ್ಟಿಗೊಂದು ಕೋಡು, ದಶಾಂಶದ ಪಟ್ಟಿಗೊಂದು ಕೋಡು, ಹೆಸರಿನ ಪಟ್ಟಿಗೊಂದು ಕೋಡು ಎಂದು ಬೇರೆ ಬೇರೆ ಎರಕ ಹೊಯ್ಯುತ್ತದೆ. ಪ್ರತಿ ಎರಕವೂ ತನ್ನ ಬಗೆಗೆ ಹೇಳಿ ಮಾಡಿಸಿದ ಹಾಗಿರುವುದರಿಂದ ವೇಗಕ್ಕೆ ಇದನ್ನು ಮೀರಿಸುವುದು ಕಷ್ಟ. ಆದರೆ ಧಾನ್ಯಕ್ಕೊಂದು ಪಾವು ಮಾಡಿಸಿದರೆ ಉಗ್ರಾಣದ ಗತಿ ಏನಾಗುತ್ತದೆಂದು ಆಗಲೇ ಹೇಳಿದೆ. ದೊಡ್ಡ ಪ್ರೋಗ್ರಾಮುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವ ಕೋಡು ನೂರಾರು ಪ್ರತಿಗಳಾಗಿ ಉಬ್ಬಿಕೊಳ್ಳುತ್ತದೆ. ಸ್ಟ್ರೌಸ್ಟ್ರಪ್ ಅವರೇ ಇದಕ್ಕೊಂದು ಮದ್ದನ್ನು ಹೇಳಿದರು. ವಿಳಾಸಗಳನ್ನು ಇಡುವ ಪಟ್ಟಿಗಳ ಆಕಾರ, ಅದು ಯಾವುದರ ವಿಳಾಸವೇ ಆಗಲಿ, ಒಂದೇ ತಾನೆ? ಆದ್ದರಿಂದ "ಯಾವುದೋ ಒಂದರ ವಿಳಾಸ" ಎಂಬ ಪಟ್ಟಿಗೆ ಕೋಡನ್ನು ಒಮ್ಮೆ ಮಾಡಿ, ಉಳಿದ ವಿಳಾಸದ ಪಟ್ಟಿಗಳೆಲ್ಲ ಅದರ ಮೇಲೆ ತೆಳ್ಳಗೆ ಹೊದಿಕೆ ಹೊದ್ದುಕೊಳ್ಳಲಿ ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ: ಹಂಚಿಕೆಯ ಆಧಾರ ಹೆಸರಲ್ಲ, ಆಕಾರ. ಮುಂದೆ ಇದು ನಮಗೆ ಬೇಕಾಗುತ್ತದೆ.

ಎರಡನೆಯದು ಜಾವಾ ಭಾಷೆಯ ಹಾದಿ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿ 1995ರಲ್ಲಿ ಜಾವಾವನ್ನು ಹೊರತಂದಾಗ ಅದರಲ್ಲಿ ಜೆನೆರಿಕ್ಸ್ ಇರಲಿಲ್ಲ. ಡಬ್ಬಿಯಲ್ಲಿ ಯಾವ ವಸ್ತುವನ್ನಾದರೂ ಹಾಕಬಹುದಿತ್ತು; ತೆಗೆಯುವಾಗ ಇದು ಇಂಥದೇ ಎಂದು ಬರೆದವನೇ ಹೇಳಬೇಕಿತ್ತು. 1998ರಲ್ಲಿ ಗಿಲಾದ್ ಬ್ರಾಕಾ, ಮಾರ್ಟಿನ್ ಓಡೆರ್ಸ್ಕಿ, ಡೇವಿಡ್ ಸ್ಟೌಟಮೈರ್, ಫಿಲಿಪ್ ವಾಡ್ಲರ್ ಎಂಬ ನಾಲ್ವರು ಒಂದು ಸೂಚನೆ ಮಂಡಿಸಿದರು. ಕಂಪೈಲರು ಬಗೆಗಳನ್ನೆಲ್ಲ ಕಟ್ಟುನಿಟ್ಟಾಗಿ ಪರೀಕ್ಷಿಸಲಿ. ಪರೀಕ್ಷೆ ಮುಗಿದ ಮೇಲೆ ಆ ಚೀಟಿಗಳನ್ನು ಅಳಿಸಿಬಿಡಲಿ. ನಡೆಯುವ ಹೊತ್ತಿಗೆ ಹೆಸರಿನ ಪಟ್ಟಿಯೂ ಬರಿಯ ಪಟ್ಟಿ, ಸಂಖ್ಯೆಯ ಪಟ್ಟಿಯೂ ಬರಿಯ ಪಟ್ಟಿ. ಎಲ್ಲಕ್ಕೂ ಒಂದೇ ಕೋಡು. 2004ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 5ರಲ್ಲಿ ಈ ಅಳಿಸುವ ಪದ್ಧತಿಯೇ ನೆಲೆಯಾಯಿತು.

ಇಷ್ಟು ತಿಳಿದವರು ಚೀಟಿಯನ್ನು ಏಕೆ ಅಳಿಸಿದರು ಎಂದು ನೀವು ಕೇಳಬಹುದು. ಚೀಟಿಯನ್ನು ಉಳಿಸಿಕೊಳ್ಳುವ ಸೂಚನೆಯೂ ಬರದೆ ಇರಲಿಲ್ಲ. ಅದೇ 1998ರ ಅದೇ ಸಮ್ಮೇಳನದಲ್ಲಿ ರಾಬರ್ಟ್ ಕಾರ್ಟ್‌ರೈಟ್, ಗೈ ಸ್ಟೀಲ್ ಎಂಬವರು ಅಂಥದೊಂದನ್ನು ಮಂಡಿಸಿದ್ದರು. ಆದರೆ 2004ರ ಹೊತ್ತಿಗೆ ಜಾವಾದಲ್ಲಿ ಬರೆದ ಹಳೆಯ ಪ್ರೋಗ್ರಾಮುಗಳು ಲೋಕದ ತುಂಬ ನಡೆಯುತ್ತಿದ್ದವು. ಅವುಗಳ ಡಬ್ಬಿಗಳಿಗೆ ಚೀಟಿಯೇ ಇರಲಿಲ್ಲ. ಹಳೆಯ ಮನೆ, ಹೊಸ ಮನೆ ಎರಡೂ ಒಂದೇ ಅಂಗಳದಲ್ಲಿ ಬಾಳಬೇಕು. ಹಳೆಯ ಕೋಡು ಕೊಟ್ಟ ಡಬ್ಬಿಯನ್ನು ಹೊಸ ಕೋಡು ತೆಗೆದುಕೊಳ್ಳಬೇಕು, ಹೊಸದು ಕೊಟ್ಟದ್ದನ್ನು ಹಳೆಯದು ತೆಗೆದುಕೊಳ್ಳಬೇಕು. ಇದಕ್ಕೆ ಎಲ್ಲರೂ ಚೀಟಿ ಇಲ್ಲದೆ ನಡೆದುಕೊಳ್ಳುವುದೇ ಸುಲಭವಾದ ಸಂಧಾನ. ಹಿರಿಯರಿಗೆ ನೋವಾಗದಂತೆ ಮನೆಯ ಪದ್ಧತಿ ಬದಲಾಯಿಸುವುದು ಎಷ್ಟು ಕಷ್ಟವೆಂದು ಬಲ್ಲವರು ಇದನ್ನು ಹಗುರವಾಗಿ ಹಳಿಯಲಾರರು.

ಸುಂಕ ಮಾತ್ರ ತಪ್ಪಲಿಲ್ಲ. ಮೊದಲನೆಯದಾಗಿ, ಎಲ್ಲ ಪಟ್ಟಿಗಳಿಗೂ ಒಂದೇ ಆಕಾರ ಬರಬೇಕಾದ್ದರಿಂದ ಪಟ್ಟಿಯಲ್ಲಿ ವಿಳಾಸಗಳನ್ನು ಮಾತ್ರ ಇಡಲು ಸಾಧ್ಯ. 4 ಬೈಟಿನ ಒಂದು ಪೂರ್ಣಾಂಕವನ್ನು ಇಡಬೇಕಾದರೂ ಅದನ್ನೊಂದು ಪೆಟ್ಟಿಗೆಯಲ್ಲಿ ಹಾಕಿ, ಹಣೆಬರಹ ಬರೆದು, ಪೆಟ್ಟಿಗೆಯ ವಿಳಾಸವನ್ನು ಪಟ್ಟಿಗೆ ಸೇರಿಸಬೇಕು. ಬಳಕೆಯಲ್ಲಿರುವ ಹಾಟ್‌ಸ್ಪಾಟ್ ಯಂತ್ರದಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಗೆ 16 ಬೈಟು, ಅದರ ವಿಳಾಸಕ್ಕೆ 4 ಬೈಟು, ಒಟ್ಟು 20. ನಾಲ್ಕಾಣೆಯ ಸರಕಿಗೆ ಒಂದೂಕಾಲು ರೂಪಾಯಿ ಬಾಡಿಗೆ. ಹತ್ತು ಸಂಖ್ಯೆಗೆ ಇದು ಲೆಕ್ಕಕ್ಕಿಲ್ಲ. ಹತ್ತು ಕೋಟಿ ಸಂಖ್ಯೆಗಳಾದರೆ 40 ಕೋಟಿ ಬೈಟಿನ ಜಾಗದಲ್ಲಿ 200 ಕೋಟಿ ಬೈಟು ಬೇಕು. ಈ ಪೆಟ್ಟಿಗೆಗಳ ಭಾರವನ್ನು ಇಳಿಸಲೆಂದೇ 2014ರಲ್ಲಿ ವಾಲ್ಹಲ್ಲಾ ಎಂಬ ಹೆಸರಿನಲ್ಲಿ ಜಾವಾದವರು ದೀರ್ಘವಾದ ಕೆಲಸವೊಂದನ್ನು ಆರಂಭಿಸಿದರು.

ಎರಡನೆಯ ಸುಂಕ ಇದಕ್ಕಿಂತ ಸೂಕ್ಷ್ಮವಾದದ್ದು. ಅದನ್ನು ನಾನೇ ತೆತ್ತಿದ್ದೇನೆ. ಹಿಂದೆ ನಾನು ಕೆಲಸದಲ್ಲಿದ್ದ ಒಂದು ಕಡೆ ಗಿರಾಕಿಗಳ ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು ತಿಂಗಳ ಕೊನೆಯಲ್ಲಿ ಲೆಕ್ಕ ತೆಗೆಯುವ ಪ್ರೋಗ್ರಾಮು ಇತ್ತು. ಕಡತದಿಂದ ಸಂಖ್ಯೆಗಳನ್ನು ಓದಿ ತುಂಬುತ್ತಿದ್ದದ್ದು 2004ಕ್ಕಿಂತ ಹಿಂದೆ ಯಾರೋ ಬರೆದ ಭಾಗ. ಲೆಕ್ಕ ತೆಗೆಯುತ್ತಿದ್ದದ್ದು ನಾನು ಬರೆದ ಹೊಸ ಭಾಗ. ಒಂದು ದಿನ ಯಾವುದೋ ಗಿರಾಕಿಯ ಸಂಖ್ಯೆಯ ಕೊನೆಗೆ ಒಂದು ಅಕ್ಷರ ಸೇರಿಕೊಂಡು ಬಂತು. ಹಳೆಯ ಭಾಗ ಅದನ್ನು ಸಂಖ್ಯೆಯೆಂದು ಓದಲಾರದೆ, ಬರಹ ಎಂದೇ ಪಟ್ಟಿಗೆ ತುಂಬಿ ಮುಂದೆ ಹೋಯಿತು. ಪಟ್ಟಿ ಬೇಡವೆನ್ನಲಿಲ್ಲ, ಬೇಡವೆನ್ನಲು ತನ್ನೊಳಗೆ ಸಂಖ್ಯೆಗಳೇ ಇರಬೇಕೆಂಬ ಚೀಟಿ ಅದಕ್ಕೆ ಇರಲಿಲ್ಲವಲ್ಲ. ಮೂರು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ನಾಲ್ಕನೆಯ ರಾತ್ರಿ, ತಿಂಗಳ ಲೆಕ್ಕದ ನಡುವೆ, ಪ್ರೋಗ್ರಾಮು ಕುಸಿದು ನಿಂತಿತು. ಯಂತ್ರ ಬೊಟ್ಟು ಮಾಡಿದ್ದು ನಾನು ಬರೆದ ಸಾಲಿಗೆ.

ಎರಡು ರಾತ್ರಿ ಆ ಸಾಲನ್ನು ನಾನು ದಿಟ್ಟಿಸಿ ನೋಡಿದೆ. ಅದರಲ್ಲಿ ತಪ್ಪು ಇರಲಿಲ್ಲ. ಕನ್ನ ಹಾಕಿದವನು ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ. ಉಪ್ಪನ್ನು ಸಕ್ಕರೆಯ ಡಬ್ಬಿಗೆ ಸುರಿದದ್ದು ಸೋಮವಾರ. ಕಾಫಿ ಕೆಟ್ಟದ್ದು ಗುರುವಾರ. ಮೂರನೆಯ ದಿನ, ಹಳೆಯ ಭಾಗವನ್ನು ಮತ್ತೆ ಕಂಪೈಲು ಮಾಡಿದಾಗ ತೆರೆಯ ಮೇಲೆ ಒಂದು ಎಚ್ಚರಿಕೆ ಹಾದುಹೋಯಿತು: ಇಲ್ಲಿ ಬಗೆಯನ್ನು ಪರೀಕ್ಷಿಸಿಲ್ಲ, ಜೋಕೆ. ಆ ಎಚ್ಚರಿಕೆ ಮೊದಲಿನಿಂದಲೂ ಬರುತ್ತಿತ್ತು. ಎಚ್ಚರಿಕೆ ತಾನೆ, ತಪ್ಪಲ್ಲವಲ್ಲ ಎಂದು ನಾವೆಲ್ಲ ಕಣ್ಣು ಮುಚ್ಚಿಕೊಂಡಿದ್ದೆವು. ಭಾಷೆಯನ್ನು ಮಾತ್ರ ದೂರಿದರೆ ನ್ಯಾಯವಾಗುವುದಿಲ್ಲ. ಆದರೂ ತಪ್ಪು ಆದ ಜಾಗದಲ್ಲಿಯೇ, ಆದ ಕ್ಷಣದಲ್ಲಿಯೇ ಕೂಗುವ ಡಬ್ಬಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ದಿನ ಅನ್ನಿಸಿತು. ಅಂಥದು ಜಾವಾದಲ್ಲಿಯೇ ಒಂದಿದೆ ಎನ್ನುವುದು ಸ್ವಾರಸ್ಯ. ಅರೇ ಎಂಬ ಹಳೆಯ ಸಾಲು ತನ್ನಲ್ಲಿ ಏನಿರಬೇಕೆಂಬ ಚೀಟಿಯನ್ನು ಹಣೆಯಲ್ಲಿ ಹೊತ್ತಿರುತ್ತದೆ. ತಪ್ಪು ಬಗೆಯ ವಸ್ತುವನ್ನು ಹಾಕಲು ಹೋದರೆ ಅಲ್ಲೇ ತಡೆಯುತ್ತದೆ. ಹೊಸ ಪಟ್ಟಿಗೆ ಆ ಭಾಗ್ಯ ಇಲ್ಲ.

ಮೂರನೆಯ ಹಾದಿಯನ್ನು ಹಾಕಿದವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾಲಯದ ಆಂಡ್ರೂ ಕೆನಡಿ ಮತ್ತು ಡಾನ್ ಸೈಮ್. ಅವರ ಪ್ರಬಂಧ 2001ರಲ್ಲಿ ಪ್ರಕಟವಾಯಿತು. 2005ರ ನವೆಂಬರಿನಲ್ಲಿ ಬಂದ ಡಾಟ್‌ನೆಟ್ 2.0ರಲ್ಲಿ ಅದು ಬಳಕೆಗೆ ಬಂತು. ಸಿ ಶಾರ್ಪ್ ಭಾಷೆಯಲ್ಲಿ ಬರೆಯುವವರು ದಿನವೂ ಅದರ ಮೇಲೆಯೇ ನಡೆಯುತ್ತಾರೆ.

ಅವರ ಯುಕ್ತಿ ಹೀಗಿದೆ. ಆಕಾರ ಬೇರೆಯಾದಾಗ ಕೋಡು ಬೇರೆ ಇರಲಿ: ಪೂರ್ಣಾಂಕದ ಪಟ್ಟಿಗೊಂದು, ದಶಾಂಶದ ಪಟ್ಟಿಗೊಂದು. ಆದ್ದರಿಂದ ಸಂಖ್ಯೆಗಳನ್ನು ಪೆಟ್ಟಿಗೆಗೆ ಹಾಕುವ ದಂಡ ಇಲ್ಲ. ಆಕಾರ ಒಂದೇ ಆದಾಗ, ಎಂದರೆ ಪಟ್ಟಿಯಲ್ಲಿರುವುದು ವಿಳಾಸಗಳಾದಾಗ, ಹೆಸರಿನ ಪಟ್ಟಿಯಾಗಲಿ ಗಿರಾಕಿಗಳ ಪಟ್ಟಿಯಾಗಲಿ ಕೋಡು ಒಂದೇ ಸಾಕು. ಇಷ್ಟನ್ನು ನಾವು ಸ್ಟ್ರೌಸ್ಟ್ರಪ್ ಅವರ ಮದ್ದಿನಲ್ಲಿಯೇ ನೋಡಿದೆವು. ಹೊಸದೆಂದರೆ ಮುಂದಿನ ಹೆಜ್ಜೆ. ಕೋಡು ಒಂದೇ ಆದರೂ ಹಣೆಬರಹ ಬೇರೆ. ಹೆಸರಿನ ಪಟ್ಟಿಯ ಹಣೆಯಲ್ಲಿ ಹೆಸರಿನ ಪಟ್ಟಿಯ ಕೋಷ್ಟಕದ ವಿಳಾಸ, ಗಿರಾಕಿಗಳ ಪಟ್ಟಿಯ ಹಣೆಯಲ್ಲಿ ಅದರದೇ ಕೋಷ್ಟಕದ ವಿಳಾಸ. ಕೋಷ್ಟಕಕ್ಕೆ ಸೇರಿದಂತೆ ಒಂದು ಚಿಕ್ಕ ನಿಘಂಟು ಇರುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ಯಾವ ಬಗೆ ತುಂಬಿದೆ ಎಂಬುದನ್ನು ಅಲ್ಲಿ ನೋಡಿ ತಿಳಿಯಬಹುದು.

ಹಂಚಿಕೊಂಡ ಆ ಕೋಡು ನಡೆಯುತ್ತಿರುವಾಗ "ಇಂಥ ಬಗೆಯ ಹೊಸ ಸಾಲೊಂದನ್ನು ಮಾಡು" ಎಂಬ ಆಜ್ಞೆ ಬಂತೆನ್ನೋಣ. ಯಾವ ಬಗೆ? ಕೋಡಿಗೆ ತಾನಾಗಿ ಗೊತ್ತಿಲ್ಲ. ಅದು ತನ್ನ ಎದುರಿಗಿರುವ ವಸ್ತುವಿನ ಹಣೆಯನ್ನು ನೋಡುತ್ತದೆ; ಅಲ್ಲಿಂದ ಕೋಷ್ಟಕಕ್ಕೆ, ಕೋಷ್ಟಕದಿಂದ ನಿಘಂಟಿಗೆ ಹೋಗಿ, ಬಗೆಯನ್ನು ತಿಳಿದು ಕೆಲಸ ಮುಗಿಸುತ್ತದೆ. ಎದುರಿಗೆ ವಸ್ತುವೇ ಇಲ್ಲದ ಸಂದರ್ಭಗಳೂ ಉಂಟು. ಆಗ ಕರೆಯುವವನೇ ನಿಘಂಟಿನ ವಿಳಾಸವನ್ನು ಗುಟ್ಟಾಗಿ ಕೈಗೆ ಕೊಡುತ್ತಾನೆ. ಮದುವೆಮನೆಯಲ್ಲಿ ಬಡಿಸುವವನು ಎಲ್ಲ ಪಂಕ್ತಿಗಳಲ್ಲಿಯೂ ಒಂದೇ ರೀತಿ ಬಡಿಸುತ್ತಾನೆ. ಯಾವ ಪಂಕ್ತಿಗೆ ಏನು ಎಂಬುದನ್ನು ಮನೆಯವರು ಕಿವಿಯಲ್ಲಿ ಹೇಳಿ ಕಳುಹಿಸುತ್ತಾರೆ. ಹಾಗೆ.

ಇದಕ್ಕೂ ಸುಂಕ ಇದೆ. ನಿಘಂಟು ನೋಡುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಎಲ್ಲ ನಿಘಂಟುಗಳನ್ನೂ ಇಡಲು ಒಂದಿಷ್ಟು ಜಾಗ ಬೇಕು. ಬೇಕಾದಾಗ ಮಾತ್ರ ಅದರ ಮನೆಗಳನ್ನು ತುಂಬಿಕೊಂಡು ಹೋಗುವ ಉಪಾಯದಿಂದ ಈ ಖರ್ಚನ್ನು ತಗ್ಗಿಸಿದರು. ದೊಡ್ಡ ಸುಂಕವೆಂದರೆ, ಇದಕ್ಕಾಗಿ ನಡೆಸುವ ಯಂತ್ರವನ್ನೇ ಬದಲಾಯಿಸಬೇಕಾಯಿತು. ಚೀಟಿ ಇಲ್ಲದ ಹಳೆಯ ಡಬ್ಬಿಗಳ ಪಕ್ಕದಲ್ಲಿ ಚೀಟಿಯುಳ್ಳ ಹೊಸ ಡಬ್ಬಿಗಳ ಸಾಲನ್ನು ಬೇರೆಯಾಗಿ ಇಡಬೇಕಾಯಿತು. ಡಾಟ್‌ನೆಟ್ 2002ರಲ್ಲಿ ಹೊರಬಂದದ್ದು; ಹಳೆಯ ಸಂಸಾರ ಇನ್ನೂ ಚಿಕ್ಕದು. ಜಾವಾದ ಮನೆಯಲ್ಲಿ ಆಗಲೇ ಮೂರು ತಲೆಮಾರು ಕೂಡಿತ್ತು. ಒಬ್ಬರಿಗೆ ಸಾಧ್ಯವಾದದ್ದು ಇನ್ನೊಬ್ಬರಿಗೆ ಸಾಧ್ಯವಾಗದೆ ಹೋದುದಕ್ಕೆ ಬುದ್ಧಿಯ ಹೆಚ್ಚುಕಡಿಮೆ ಕಾರಣವಲ್ಲ. ಮುಖ್ಯವಾದ ಕಾರಣ ವಯಸ್ಸು.

ಈ ಮೂರನೆಯ ಹಾದಿಯಲ್ಲಿ ಹುರುಳಿದೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಹೇಳಿ ಮುಗಿಸುತ್ತೇನೆ. ಗೂಗಲ್ ಕಂಪನಿಯವರು 2009ರಲ್ಲಿ ಗೋ ಎಂಬ ಭಾಷೆಯನ್ನು ಪ್ರಕಟಿಸಿದರು. ಹತ್ತು ವರ್ಷಕ್ಕೂ ಮೇಲೆ ಅದರಲ್ಲಿ ಜೆನೆರಿಕ್ಸ್ ಇರಲಿಲ್ಲ. ಪ್ರತಿ ಬಗೆಗೂ ಕೋಡನ್ನು ನಕಲು ಮಾಡಿದರೆ ಕಂಪೈಲರು ನಿಧಾನವಾಗುತ್ತದೆ, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿದರೆ ಪ್ರೋಗ್ರಾಮು ನಿಧಾನವಾಗುತ್ತದೆ ಎಂಬ ಇಕ್ಕಟ್ಟು ಅವರನ್ನೂ ಕಾಡಿತು. ಕೊನೆಗೆ 2022ರ ಮಾರ್ಚಿನಲ್ಲಿ ಬಂದ ಗೋ 1.18ರಲ್ಲಿ ಅವರು ಹಿಡಿದದ್ದು ಇವೆರಡರ ನಡುವಿನ ದಾರಿ: ಆಕಾರಕ್ಕೊಂದು ಕೋಡು, ವಿಳಾಸಗಳೆಲ್ಲ ಒಂದೇ ಆಕಾರ, ಬಗೆಯ ವಿಚಾರ ತಿಳಿಸಲು ಗುಟ್ಟಾಗಿ ಕೈಗೆ ಕೊಡುವ ಒಂದು ನಿಘಂಟು. ಹೆಸರು, ಊರು, ಕಾಲ ಎಲ್ಲ ಬೇರೆಯಾದರೂ ಅಂತರಂಗ ಒಂದೇ.

ಇದರಿಂದ ತಿಳಿಯುವುದೇನು? ಕೋಡನ್ನು ಹಂಚಿಕೊಳ್ಳುವುದು ಮಿತವ್ಯಯ, ಮಿತವ್ಯಯ ಒಳ್ಳೆಯದು. ಆದರೆ ಹಂಚಿಕೊಂಡ ಕ್ಷಣದಿಂದ ಆ ಕೋಡಿಗೆ ತಾನು ಯಾರ ಕೆಲಸ ಮಾಡುತ್ತಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಆ ತಿಳಿವಳಿಕೆಯನ್ನು ಇನ್ನೆಲ್ಲಾದರೂ ಇಡಲೇಬೇಕು. ಕೋಡಿನ ಪ್ರತಿಗಳಲ್ಲಿ ಇಟ್ಟರೆ ಜಾಗ ಹೋಗುತ್ತದೆ. ವಸ್ತುವಿನ ಹಣೆಯಲ್ಲೋ ಗುಟ್ಟಿನ ನಿಘಂಟಿನಲ್ಲೋ ಇಟ್ಟರೆ ಸ್ವಲ್ಪ ಹೊತ್ತು ಹೋಗುತ್ತದೆ. ಎಲ್ಲಿಯೂ ಇಡದಿದ್ದರೆ ಅದನ್ನು ಮನುಷ್ಯನೇ ತನ್ನ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅವನು ಮರೆತ ದಿನ, ಮರೆತ ಜಾಗದಲ್ಲಲ್ಲ, ಇನ್ನೆಲ್ಲೋ ಇನ್ನಾರ ಮೇಲೋ ಪೆಟ್ಟು ಬೀಳುತ್ತದೆ. ಕೂಲಿ, ಪಿಂಚಣಿ, ಆಸ್ಪತ್ರೆಯ ಚೀಟಿ ಎಲ್ಲವೂ ಇಂಥ ಪಟ್ಟಿಗಳ ಮೂಲಕವೇ ಹರಿಯುವ ಈ ಕಾಲದಲ್ಲಿ ಆ ಇನ್ನಾರೋ ಎಂಬವರು ನಾವೂ ಆಗಬಹುದು, ನೀವೂ ಆಗಬಹುದು.

ಈ ವಿದ್ಯೆಯನ್ನು ಕಲಿಯುತ್ತಿರುವ ತರುಣರು ಈ ಮಾತನ್ನು ಕೇಳುತ್ತಿದ್ದರೆ ಅವರಿಗೆ ನನ್ನ ಬಿನ್ನಹ ಇಷ್ಟೆ. ನೀವು ಬಳಸುವ ಭಾಷೆ ಬಗೆಯ ಚೀಟಿಯನ್ನು ಎಲ್ಲಿ ಇಡುತ್ತದೆ ಎಂದು ಒಮ್ಮೆ ವಿಚಾರಿಸಿ ನೋಡಿ. ಅದು ಇಡದಿದ್ದರೆ ಕಂಪೈಲರು ಕೊಡುವ ಎಚ್ಚರಿಕೆಯನ್ನು ಹಿರಿಯರ ಮಾತಿನಂತೆ ಕಿವಿಗೊಟ್ಟು ಕೇಳಿ. ಹಳೆಯ ಭಾಗದಿಂದ ಹೊಸ ಭಾಗಕ್ಕೆ ಪಟ್ಟಿ ಬರುವ ಬಾಗಿಲಲ್ಲಿಯೇ ಒಂದು ಪರೀಕ್ಷೆಯನ್ನು ನೀವೇ ಇಟ್ಟುಕೊಳ್ಳಿ. ನನ್ನ ಎರಡು ರಾತ್ರಿಗಳು ನಿಮಗೆ ಉಳಿಯುತ್ತವೆ.

ಆ ಮಳೆಗಾಲದ ನಂತರ ಅಜ್ಜಿ ಹೊಸ ಡಬ್ಬಿಗಳನ್ನು ಕೊಳ್ಳಲಿಲ್ಲ. ಬೇರೆ ಪಾವನ್ನೂ ತರಿಸಲಿಲ್ಲ. ಒಂದು ಮೊಳೆಯನ್ನು ತೆಗೆದುಕೊಂಡು ಪ್ರತಿ ಡಬ್ಬಿಯ ತಗಡಿನ ಮೇಲೂ ಹೆಸರನ್ನು ಗೀಚಿದರು. ಡಬ್ಬಿ ಅದೇ, ಮುಚ್ಚಳ ಅದೇ, ಪಾವು ಅದೇ. ಗೋಡೆ ಆಮೇಲೆಯೂ ಸೋರಿತು. ಕಾಫಿಗೆ ಮಾತ್ರ ಮತ್ತೆ ಉಪ್ಪು ಬೀಳಲಿಲ್ಲ.